ಪೆಡಿಕ್ಯೂರ್ ಕುರ್ಚಿಯಲ್ಲಿ ಕೂರುವ ಮುಂಚೆ

ಮೈಸೂರಿನಲ್ಲಿ ಪಾರ್ಲರ್ ಇಟ್ಟು 16 ವರ್ಷ ಆಯಿತು. ಮೆನಿಕ್ಯೂರ್, ಪೆಡಿಕ್ಯೂರ್‌ಗೆ ಬರುವವರು ಮೊದಲು ರೇಟು ಕೇಳುತ್ತಾರೆ, ಆಮೇಲೆ ಪಾಲಿಶ್ ಬಣ್ಣ ನೋಡುತ್ತಾರೆ. "ಈ ಕಟ್ಟರ್ ಹೇಗೆ ತೊಳೀತೀರಾ?" ಅಂತ ಕೇಳಿದವರು ಬೆರಳೆಣಿಕೆಯಷ್ಟು. ದಯವಿಟ್ಟು ಅದನ್ನೇ ಮೊದಲು ಕೇಳಿ.

ನಾನು ಕೆಲಸ ಕಲಿಯುತ್ತಿದ್ದಾಗ ಒಬ್ಬ ಮದುಮಗಳು ಬಂದಿದ್ದಳು. ಉಗುರಿನ ಬುಡಕ್ಕೆ ತೆಳ್ಳಗೆ ಅಂಟಿಕೊಂಡ ಚರ್ಮ ಇರುತ್ತದಲ್ಲ, ಕ್ಯೂಟಿಕಲ್ ಅನ್ನುತ್ತೇವೆ, ಅದನ್ನು ನಿಪ್ಪರ್‌ನಿಂದ ನೀಟಾಗಿ ಕತ್ತರಿಸಿದೆ. ನನಗೆ ಕಲಿಸಿದ್ದೇ ಹಾಗೆ. ತೋರುಬೆರಳಲ್ಲಿ ಒಂದು ಹನಿ ರಕ್ತ ಬಂತು. ಹತ್ತಿ ಒತ್ತಿ ಮುಂದಿನ ಬೆರಳು ಹಿಡಿದೆ. ಮೂರನೇ ದಿನಕ್ಕೆ ಉಗುರುಸುತ್ತು. ಬೆರಳು ಕೆಂಪಗೆ ಊದಿ, ಧಾರೆಗೆ ಕೈ ಚಾಚುವಾಗ ಆ ಹುಡುಗಿಯ ಕಣ್ಣಲ್ಲಿ ನೀರು ಬಂತಂತೆ. ಅವಳ ತಾಯಿ ಬಂದು ಹೇಳಿದ್ದು ಇವತ್ತಿಗೂ ಕಿವಿಯಲ್ಲಿದೆ.

ಆ ಚರ್ಮ ಅಲ್ಲಿರುವುದು ಕಾವಲಿಗೆ. ಉಗುರಿನ ಬುಡದ ಸಂದಿಯನ್ನು ಮುಚ್ಚಿ, ನೀರು, ಕೊಳೆ, ಕೀಟಾಣು ಒಳಗೆ ಇಳಿಯದ ಹಾಗೆ ನೋಡಿಕೊಳ್ಳುತ್ತದೆ. ಕತ್ತರಿಸಿದರೆ ಬಾಗಿಲು ತೆಗೆದಿಟ್ಟಂತೆ. ಈಗ ನನ್ನಲ್ಲಿ ಮಾಡುವುದು ಇಷ್ಟು: ಬೆರಳನ್ನು ಐದು ನಿಮಿಷ ಉಗುರು ಬೆಚ್ಚಗಿನ ನೀರಲ್ಲಿ ನೆನೆಸಿ, ಮರದ ಕಡ್ಡಿಯಿಂದ ಆ ಚರ್ಮವನ್ನು ಮೆತ್ತಗೆ ಹಿಂದಕ್ಕೆ ತಳ್ಳುತ್ತೇವೆ. ಎದ್ದು ನಿಂತ ಸತ್ತ ಸಿಪ್ಪೆಯನ್ನು ಮಾತ್ರ ತೆಗೆಯುತ್ತೇವೆ. ಎಲ್ಲೇ ಹೋದರೂ ಕೂತ ತಕ್ಷಣ ಹೇಳಿಬಿಡಿ, "ಕ್ಯೂಟಿಕಲ್ ಕಟ್ ಮಾಡಬೇಡಿ, ಸುಮ್ನೆ ತಳ್ಳಿ ಸಾಕು" ಅಂತ.

ಇನ್ನು ಸಾಮಾನು. ಡೆಟಾಲ್ ನೀರಲ್ಲಿ ಅದ್ದಿ ತೆಗೆದರೆ ಆಗಲಿಲ್ಲ. ಕಬ್ಬಿಣದ ಸಾಮಾನನ್ನು ಮೊದಲು ಸೋಪು ಹಾಕಿ ಬ್ರಶ್‌ನಿಂದ ಉಜ್ಜಬೇಕು, ಆಮೇಲೆ ಆಟೊಕ್ಲೇವ್‌ಗೆ ಇಡಬೇಕು. ಅದು ಕೆಲಸ ಮಾಡುವುದು ನಮ್ಮ ಪ್ರೆಶರ್ ಕುಕ್ಕರ್ ಥರವೇ. ಒತ್ತಡದ ಹಬೆ, 121 ಡಿಗ್ರಿ ಬಿಸಿ, ಕನಿಷ್ಠ 15 ನಿಮಿಷ. ಕೆಲವು ಕಡೆ ಕೀಟಾಣು ಸಾಯುತ್ತದೆ ಅಂತ ನೀಲಿ ದೀಪದ (ಯುವಿ) ಪೆಟ್ಟಿಗೆ ತೋರಿಸುತ್ತಾರೆ. ಬೆಳಕು ಬಿದ್ದ ಮೇಲ್ಮೈಗೆ ಮಾತ್ರ ಅದರ ಕೆಲಸ, ಕಟ್ಟರ್‌ನ ಸಂದಿಯೊಳಗೆ ಬೆಳಕು ಹೋಗುವುದಿಲ್ಲ. ತೊಳೆದ ಸಾಮಾನು ಇಡಲು ಸರಿ, ಅಷ್ಟೇ. ಮರದ ಕಡ್ಡಿ, ಉಗುರು ಉಜ್ಜುವ ಫೈಲು, ಹೊಳಪು ಕೊಡುವ ಬಫರ್ ಇವನ್ನು ಸ್ವಚ್ಛ ಮಾಡಲು ಆಗುವುದೇ ಇಲ್ಲ, ಒಬ್ಬರಿಗೆ ಬಳಸಿದ ಮೇಲೆ ಎಸೆಯಬೇಕು. ನನ್ನ ಕಾಯಂ ಗಿರಾಕಿಗಳ ಫೈಲುಗಳನ್ನು ಅವರಿಗೇ ಕೊಟ್ಟು ಕಳಿಸುತ್ತೇನೆ.

ನೀರು ಚಿಮ್ಮಿಸುವ ಟಬ್ ನೋಡಿ ಮರುಳಾಗಬೇಡಿ. 2000ದಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದ ಒಂದು ಊರಲ್ಲಿ, ಒಂದೇ ಸಲೂನಿಗೆ ಹೋದ ನೂರಕ್ಕೂ ಜಾಸ್ತಿ ಜನರ ಕಾಲಲ್ಲಿ ತಿಂಗಳುಗಟ್ಟಲೆ ವಾಸಿಯಾಗದ ಕುರುಗಳೆದ್ದವು. ಕಾರಣ, ಟಬ್‌ನ ಜಾಲರಿಯ ಹಿಂದೆ ಕೂದಲು, ಚರ್ಮದ ಚೂರು ಸೇರಿ ಅಲ್ಲಿ ಬೆಳೆದ ಬ್ಯಾಕ್ಟೀರಿಯಾ. ಮೊದಲೇ ಕಾಲು ಶೇವ್ ಮಾಡಿಕೊಂಡು ಹೋದವರಿಗೆ ತೊಂದರೆ ಹೆಚ್ಚಾಗಿತ್ತು. ಹಾಗಾಗಿ ಶೇವಿಂಗ್, ವ್ಯಾಕ್ಸಿಂಗ್ ಇದ್ದರೆ ಪೆಡಿಕ್ಯೂರ್ ಆದ ಮೇಲೆ ಮಾಡಿಸಿ. ನಾನಂತೂ ಸಾದಾ ಸ್ಟೀಲ್ ಬೇಸನ್ ಇಟ್ಟಿದ್ದೇನೆ. ಉಜ್ಜಿ ತೊಳೆಯಲು ಮೂಲೆ ಮುಡುಕು ಇಲ್ಲ.

ಹಿಮ್ಮಡಿ ಒಡೆದಿದ್ದರೆ ಬ್ಲೇಡಿನಿಂದ ಹೆರೆಯಲು ಬಿಡಬೇಡಿ. ಆ ಹೊತ್ತಿಗೆ ನುಣ್ಣಗೆ ಕಾಣುತ್ತದೆ, ಆದರೆ ಸ್ವಲ್ಪ ಆಳಕ್ಕೆ ಹೋದರೂ ಗಾಯ. ನೆನೆಸಿ ಪ್ಯೂಮಿಸ್ ಕಲ್ಲಿನಿಂದ ಉಜ್ಜಿಸಿ. ಮನೆಯಲ್ಲಿ ರಾತ್ರಿ ಕೊಬ್ಬರಿ ಎಣ್ಣೆ ಹಚ್ಚಿ ಕಾಟನ್ ಸಾಕ್ಸ್ ಹಾಕಿ ಮಲಗಿ. ಶುಗರ್ ಇರುವವರು ಮಾತ್ರ ಇದರಲ್ಲಿ ತುಂಬಾ ಹುಷಾರಾಗಿರಬೇಕು. ಕಾಲಿನ ಸ್ಪರ್ಶ ಕಡಿಮೆಯಾಗಿದ್ದರೆ ನೀರು ಸುಡುತ್ತಿದೆ ಅಂತಲೂ ಗೊತ್ತಾಗುವುದಿಲ್ಲ, ಗಾಯವೂ ಬೇಗ ಮಾಯುವುದಿಲ್ಲ. ಮೊದಲು ಡಾಕ್ಟರನ್ನು ಕೇಳಿ ಬನ್ನಿ, ಪಾರ್ಲರ್‌ನಲ್ಲೂ ಮುಚ್ಚಿಡದೆ ಹೇಳಿ. ಆಣಿ ಇದ್ದರಂತೂ ನಮ್ಮ ಕೈಗೆ ಕೊಡಲೇಬೇಡಿ.

ಕಾಲಿನ ಉಗುರನ್ನು ನೇರವಾಗಿ ಕತ್ತರಿಸಲು ಹೇಳಿ. ಮೂಲೆ ಜಾಸ್ತಿ ಇಳಿಸಿದರೆ ಉಗುರು ಮಾಂಸದೊಳಗೆ ಬೆಳೆಯುತ್ತದೆ. ಕೈ ಉಗುರು ತಿಂಗಳಿಗೆ ಸುಮಾರು 3 ಮಿಲಿಮೀಟರ್ ಬೆಳೆದರೆ ಕಾಲಿನದು ಅದರ ಅರ್ಧ. ಕಾಲಿನ ಹೆಬ್ಬೆರಳಿನ ಉಗುರು ಹಾಳಾದರೆ ಪೂರ್ತಿ ಹೊಸದಾಗಿ ಬರಲು ಒಂದು ವರ್ಷದ ಮೇಲೇ ಬೇಕು.

ಜೆಲ್ ಪಾಲಿಶ್ ಹಾಕಿಸಿದರೆ ಕೀಳಬೇಡಿ, ಉಗುರಿನ ಪದರವೇ ಕಿತ್ತು ಬರುತ್ತದೆ. ಪಾಲಿಶ್ ಕರಗಿಸುವ ಅಸಿಟೋನ್‌ನಲ್ಲಿ 10-15 ನಿಮಿಷ ನೆನೆಸಿ ತೆಗೆಸಿ. ಜೆಲ್ ಗಟ್ಟಿಯಾಗಲು ಯುವಿ ದೀಪದ ಕೆಳಗೆ ಕೈ ಇಡುವ ಮುಂಚೆ ಸನ್‌ಸ್ಕ್ರೀನ್ ಹಚ್ಚಿ. ಬೆರಳ ಸುತ್ತ ತುರಿಕೆ, ಗುಳ್ಳೆ ಬಂದರೆ ಮತ್ತೆ ಹಾಕಿಸಲೇಬೇಡಿ.

ಕೊನೆಯದಾಗಿ ಕಾಲುಂಗುರ. ಮೊನ್ನೆ ಒಬ್ಬ ಅಜ್ಜಿ ಕಾಲನ್ನು ಸೀರೆಯೊಳಗೆ ಎಳೆದುಕೊಂಡು, "ಇದನ್ನ ಬಿಚ್ಚಬಾರದಲ್ವೇನಮ್ಮಾ?" ಅಂದರು. "ಬಿಚ್ಚೋದು ಬೇಡ ಅಜ್ಜಿ, ಚೂರು ಮೇಲಕ್ಕೆ ಸರಿಸ್ತೀನಿ" ಅಂದೆ. ಕೆಳಗೆ ಚರ್ಮ ಬೆಳ್ಳಗೆ ನೆನೆದು, ಒಂದು ಸಣ್ಣ ಬಿರುಕು ಬಿಟ್ಟಿತ್ತು. ಅಲ್ಲಿ ಸದಾ ತೇವ ನಿಲ್ಲುತ್ತದೆ, ಬೂಸ್ಟು ಬರುವ ಜಾಗವೂ ಅದೇ. ಒರೆಸಿ, ಬೆರಳ ಸಂದಿ ಒಣಗಿಸಿ, ಅವತ್ತು ಪೆಡಿಕ್ಯೂರ್ ಮಾಡದೆ ಚರ್ಮದ ಡಾಕ್ಟರ ಹತ್ತಿರ ಕಳಿಸಿದೆ. ನೀವೂ ಸ್ನಾನ ಆದ ಮೇಲೆ ಕಾಲುಂಗುರ ಸರಿಸಿ, ಒಂದು ಒಣಬಟ್ಟೆಯಿಂದ ಒರೆಸಿಕೊಳ್ಳಿ.