ಹಳಗನ್ನಡ ಕಲಿಸಿದ ನನ್ನ ಅನುಭವ: ಮೊದಲು ಶಾಸನ, ಆಮೇಲೆ ಕಾವ್ಯ

ಹಳಗನ್ನಡವನ್ನು ಪಂಪನ ಪದ್ಯದಿಂದ ಶುರು ಮಾಡಿದರೆ ಛಂದಸ್ಸು, ಸಮಾಸ, ಸಂಸ್ಕೃತ ಮೂರೂ ಒಟ್ಟಿಗೆ ಮೈಮೇಲೆ ಬರುತ್ತವೆ. ಹಾಗಾಗಿ ಚಿತ್ರದುರ್ಗದ ನಮ್ಮ ಸಂಜೆ ತರಗತಿಯಲ್ಲಿ ದಾನಶಾಸನದ ಗದ್ಯವೇ ಮೊದಲು. ಅಲ್ಲಿ ಅದೇ ಮಾತುಗಳು ಮತ್ತೆ ಮತ್ತೆ ಬರುತ್ತವೆ, ಬಾಯಿಪಾಠ ಮಾಡದೆಯೇ ಉಳಿಯುತ್ತವೆ. ಪಾಠಕ್ಕೆ ಕರ್ನಾಟಕದ ಶಾಸನಗಳ ಸಂಗ್ರಹವಾದ ಎಪಿಗ್ರಾಫಿಯಾ ಕರ್ನಾಟಿಕಾದ 11ನೇ ಸಂಪುಟ, ಅಂದರೆ ಚಿತ್ರದುರ್ಗ ಜಿಲ್ಲೆಯದು, ಸಾಕು. 1997ಕ್ಕೆ ಮೊದಲು ದಾವಣಗೆರೆ ಚಿತ್ರದುರ್ಗ ಜಿಲ್ಲೆಯಲ್ಲೇ ಇದ್ದುದರಿಂದ ದಾವಣಗೆರೆ, ಹರಿಹರದ ಶಾಸನಗಳೂ ಅದರಲ್ಲೇ ಇವೆ. ಬ್ರಹ್ಮಗಿರಿಯ ಅಶೋಕನ ಶಾಸನ, ಚಂದ್ರವಳ್ಳಿಯ ಮಯೂರಶರ್ಮನ ಶಾಸನ ಹತ್ತಿರವಿದ್ದರೂ ಅವು ಪ್ರಾಕೃತ, ಲಿಪಿ ಬ್ರಾಹ್ಮಿ. ಈ ಪಾಠಕ್ಕೆ ಆಗುವುದಿಲ್ಲ.

ಮೊದಲ ದಿನ ಪಕಾರ. ಹಳಗನ್ನಡದ ಎಷ್ಟೋ ಪದಗಳ ಮೊದಲ ಪಕಾರ ಇಂದು ಹಕಾರವಾಗಿದೆ: ಪಾಲ್ ಈಗ ಹಾಲು. ಪಾಲ್, ಪುಲಿ, ಪಂದಿ, ಪಳ್ಳಿ, ಪೊಸ ಎಂದು ಹದಿನೈದು ಪದ ಹಲಗೆಯ ಮೇಲೆ ಬರೆದು, ಅರ್ಥ ಹೇಳದೆ ಜೋರಾಗಿ ಓದಿಸುತ್ತೇವೆ. ಚಳ್ಳಕೆರೆ, ಮೊಳಕಾಲ್ಮೂರಿನ ಕಡೆಯಿಂದ ಬಂದ, ಮನೆಯಲ್ಲಿ ತೆಲುಗು ಆಡುವ ಮಕ್ಕಳು ಎಲ್ಲರಿಗಿಂತ ಮೊದಲು ಹಿಡಿಯುತ್ತಾರೆ. ತೆಲುಗಿನಲ್ಲಿ ಇಂದಿಗೂ ಪಾಲು, ಪುಲಿ, ಪಂದಿ ತಾನೆ! ಇಲ್ಲಿ ಆಗುವ ತಪ್ಪು ಒಂದೇ: ಕಂಡ ಹಕಾರವನ್ನೆಲ್ಲ ಪಕಾರ ಮಾಡುವುದು. ಹರ, ಹಿತ ಸಂಸ್ಕೃತದವು, ಅವು ಎಂದೂ ಹಕಾರವೇ. ಪುಣ್ಯ, ಪಾಪ ಇಂದಿಗೂ ಪಕಾರವೇ.

ೞ ಹಳಗನ್ನಡದಲ್ಲಿದ್ದು ಈಗ ಬಿಟ್ಟುಹೋದ ಅಕ್ಷರ. ಅದನ್ನೂ ಳವನ್ನೂ ಬೇರೆ ಮಾಡಲಿಕ್ಕೂ ತೆಲುಗೇ ಆಸರೆ. ಏೞು ಅಲ್ಲಿ ಏಡು, ಕೋೞಿ ಅಲ್ಲಿ ಕೋಡಿ. ಪದದ ನಡುವೆ ತೆಲುಗಿನ ಡಕಾರ ಕಂಡರೆ ಹಳಗನ್ನಡದಲ್ಲಿ ೞ ಇದ್ದಿತೇ ಎಂದು ನೋಡಬೇಕು. ಇನ್ನೊಂದು ವ್ಯಂಜನಕ್ಕೆ ಕೂಡಿಕೊಂಡಲ್ಲಿ ೞ ಕರಗಿಹೋಗಿದೆ: ಗೞ್ದೆ ಗದ್ದೆಯಾಯಿತು, ಕೞ್ತೆ ಕತ್ತೆಯಾಯಿತು.

ನಿಜವಾಗಿ ಎಡವುವುದು ಪದದ ಕೊನೆಯ ಸೊನ್ನೆಯಲ್ಲಿ (ಂ). ‘ಅರಸಂ ಕೆಱೆಯಂ ಕಟ್ಟಿಸಿದಂ’ ಎಂಬ ಮೂರು ಪದದಲ್ಲಿ ಸೊನ್ನೆಗೆ ಮೂರು ಕೆಲಸ: ಅರಸನು, ಕೆರೆಯನ್ನು, ಕಟ್ಟಿಸಿದನು. ಹೊಸಬರು ಮೂರನ್ನೂ ‘ಅನ್ನು’ ಎಂದೇ ಓದಿ ಗೊಂದಲಕ್ಕೆ ಬೀಳುತ್ತಾರೆ. ಆದ್ದರಿಂದ ಮೂರು ಬಣ್ಣದ ಪೆನ್ಸಿಲ್ ಕೊಟ್ಟು, ಮೊದಲು ವಾಕ್ಯದ ಕೊನೆಯ ಕ್ರಿಯಾಪದಕ್ಕೆ, ಆಮೇಲೆ ಕರ್ಮಕ್ಕೆ, ಕಡೆಗೆ ಕರ್ತೃವಿಗೆ ಗುರುತು ಹಾಕಿಸುತ್ತೇವೆ. ಹಿಂದಿನಿಂದ ಮುಂದಕ್ಕೆ ಬಂದರೇ ತಪ್ಪು ಕಡಿಮೆ. ‘ರಾಮಂ’ ರಾಮನು, ‘ರಾಮನಂ’ ರಾಮನನ್ನು. ಈ ಜೋಡಿಯನ್ನು ದಿನಕ್ಕೊಮ್ಮೆ ಬರೆಸದೆ ಬಿಡುವುದಿಲ್ಲ. ಇಪ್ಪತ್ತು ವಾಕ್ಯವಾದರೂ ಹೀಗೆ ಬಿಡಿಸಿದ ಮೇಲೇ ನಿಘಂಟು ಕೈಗೆ.

ಇಡೀ ಶಾಸನ ಓದುವಾಗ ಬಿರುದಾವಳಿ, ಅಂದರೆ ಅರಸನ ಬಿರುದುಗಳ ಸಾಲು, ಬಿಟ್ಟು ದಾನದ ಭಾಗದಿಂದ ಆರಂಭ. ನೊಳಂಬವಾಡಿ ಎಂಬ ನಾಡಿನ ಹೆಸರಿನ ಜೊತೆ ಬರುವ ಮೂವತ್ತಿರ್ಚ್ಛಾಸಿರ ಎಂಬಂಥದ್ದನ್ನು ಮೂವತ್ತು, ಇರ್ (ಎರಡು), ಸಾಸಿರ (ಸಾವಿರ) ಎಂದು ಒಡೆಯಬೇಕು, ಅಂದರೆ ಮೂವತ್ತೆರಡು ಸಾವಿರ. ಶಕವರ್ಷಕ್ಕೆ 78 ಕೂಡಿದರೆ ಇಸವಿ. ಮತ್ತರು ಎಂಬ ಹಳೆಯ ನೆಲದ ಅಳತೆಯನ್ನು ಎಕರೆಗೆ ತಿರುಗಿಸಲು ಹೋಗಬಾರದು, ಅಳೆಯುವ ಕೋಲು ಊರಿಂದೂರಿಗೆ ಬೇರೆ.

ಕೊನೆಯ ಪಾಠ ಹರಿಹರೇಶ್ವರ ದೇವಸ್ಥಾನದಲ್ಲಿ, ಅಚ್ಚಿನ ಪಾಠ ಕೈಯಲ್ಲಿ ಹಿಡಿದು. ಕಲ್ಲಿಗೆ ಸೀಮೆಸುಣ್ಣ, ಹಿಟ್ಟು ಬಳಿಯಬಾರದು. ಇಳಿಬಿಸಿಲು ಅಡ್ಡಲಾಗಿ ಬಿದ್ದಾಗ ಅಕ್ಷರ ತಾನೇ ಎದ್ದು ಕಾಣುತ್ತದೆ. ಒಳಗಿನ ಕಲ್ಲಿಗೆ ಟಾರ್ಚನ್ನು ಎದುರಿಗಲ್ಲ, ಪಕ್ಕದಿಂದ ಹಿಡಿಯಬೇಕು.