‘ಹವಾಮಾನ ನಿರಾಶ್ರಿತರು’ ಅನ್ನೋ ಸುದ್ದಿ ಓದುವಾಗ ಏನೇನು ನೋಡಬೇಕು

‘2050ಕ್ಕೆ 21.6 ಕೋಟಿ ಹವಾಮಾನ ನಿರಾಶ್ರಿತರು, ಗಡಿಗಳಿಗೆ ಅಪಾಯ!’ ಇಂಥ ತಲೆಬರಹ ಕಂಡ ತಕ್ಷಣ ಫಾರ್ವರ್ಡ್ ಮಾಡಬೇಡಿ. ಸ್ವಲ್ಪ ಬಿಚ್ಚಿ ನೋಡಿ, ಕಷ್ಟವೇನಿಲ್ಲ.

ಮೊದಲು, ಈ ಜನ ಗಡಿ ದಾಟುತ್ತಾರಾ ಅಂತ ಕೇಳಿ. 21.6 ಕೋಟಿ ಅನ್ನೋದು ವಿಶ್ವಬ್ಯಾಂಕಿನ 2021ರ ವರದಿಯ ಅಂಕಿ. ಅದು ತಮ್ಮ ದೇಶದೊಳಗೇ ಊರು ಬದಲಿಸುವವರ ಲೆಕ್ಕ. ಅದೂ ಪರಿಸ್ಥಿತಿ ತೀರಾ ಕೆಟ್ಟರೆ ಅಷ್ಟರವರೆಗೆ ಹೋಗಬಹುದು ಅಂತ. ಬೇಗ ಎಚ್ಚೆತ್ತರೆ ಶೇ 80ರಷ್ಟು ಇಳಿಯಬಹುದು ಅಂತಲೂ ಅದೇ ವರದಿಯಲ್ಲಿದೆ, ಆದರೆ ಆ ಸಾಲು ತಲೆಬರಹಕ್ಕೆ ಬರುವುದಿಲ್ಲ ಬಿಡಿ. ಮಳೆ ಕೈಕೊಟ್ಟ ವರ್ಷ ರಾಯಚೂರು, ಯಾದಗಿರಿ ಕಡೆಯಿಂದ ಬೆಂಗಳೂರಿಗೆ ಗುಳೆ ಬರುತ್ತಾರಲ್ಲ, ಈ ವಲಸೆ ಜಾಸ್ತಿ ಅಂಥದ್ದೇ.

ಎರಡನೆಯದು, ಎಣಿಸಿರುವುದು ಜನರನ್ನೋ, ಎಷ್ಟು ಸಲ ಮನೆ ಬಿಟ್ಟರು ಅನ್ನೋದನ್ನೋ? ವಿಪತ್ತುಗಳಿಂದ 2024ರಲ್ಲಿ 4.58 ಕೋಟಿ ಸ್ಥಳಾಂತರ ಆಯಿತು ಅಂತ ದೇಶದೊಳಗೇ ಮನೆ ಬಿಟ್ಟವರ ಲೆಕ್ಕ ಇಡುವ ಜಿನೀವಾದ ಐಡಿಎಂಸಿ ಸಂಸ್ಥೆ ಹೇಳಿತು. ಒಬ್ಬರೇ ಎರಡು ಸಲ ಮನೆ ಬಿಟ್ಟರೆ ಅಲ್ಲಿ ಎರಡು ಅಂತ ಲೆಕ್ಕ. ಆ ವರ್ಷ ಅಮೆರಿಕ ಒಂದರಲ್ಲೇ 1.1 ಕೋಟಿ, ಬಹುಪಾಲು ಚಂಡಮಾರುತಕ್ಕೆ ಮುಂಚೆ ಜಾಗ ಖಾಲಿ ಮಾಡಿಸಿದ್ದು. ವರ್ಷದ ಕೊನೆಗೂ ಮನೆಗೆ ಮರಳದೆ ಉಳಿದವರು ಸುಮಾರು 98 ಲಕ್ಷ. ಎಲ್ಲಿಂದ ಎಲ್ಲಿಗೆ ಇಳಿಯಿತು ನೋಡಿ.

‘ನಿರಾಶ್ರಿತ’ ಅಂತ ಬರೆದಿದ್ದರೆ ಕಾನೂನು ನೆನಪಿರಲಿ. 1951ರ ವಿಶ್ವಸಂಸ್ಥೆಯ ನಿರಾಶ್ರಿತರ ಒಪ್ಪಂದದಲ್ಲಿ ಧರ್ಮ, ಜನಾಂಗ, ರಾಷ್ಟ್ರೀಯತೆ, ರಾಜಕೀಯ ನಿಲುವು ಇಂಥ ಕಾರಣಕ್ಕೆ ಕಿರುಕುಳದ ಭಯ ಇರುವವರಿಗೆ ರಕ್ಷಣೆ ಇದೆ, ಸಮುದ್ರ ಏರಿತು ಅಂತ ಓಡಿಬಂದವರಿಗಿಲ್ಲ. ಪೆಸಿಫಿಕ್‌ನ ದ್ವೀಪ ದೇಶ ಕಿರಿಬಾಟಿಯ ಒಬ್ಬ ವ್ಯಕ್ತಿ ಇದೇ ಕಾರಣ ಕೊಟ್ಟು ಆಶ್ರಯ ಕೇಳಿದಾಗ ನ್ಯೂಜಿಲೆಂಡಿನ ಸುಪ್ರೀಂ ಕೋರ್ಟ್ 2015ರಲ್ಲಿ ಒಪ್ಪಲಿಲ್ಲ, ವಾಪಸ್ ಕಳಿಸಿದರು. ಭಾರತವಂತೂ ಆ ಒಪ್ಪಂದಕ್ಕೆ ಸಹಿಯನ್ನೇ ಹಾಕಿಲ್ಲ.

ನನ್ನ ಪ್ರಕಾರ ಎಲ್ಲಕ್ಕಿಂತ ಮುಖ್ಯವಾದದ್ದು ಇದು: ‘ಭದ್ರತೆ’ ಅನ್ನೋ ಮಾತನ್ನು ಯಾರು ಆಡುತ್ತಿದ್ದಾರೆ, ಅದರಿಂದ ಅವರಿಗೇನು ಸಿಗುತ್ತೆ? ಪೆಸಿಫಿಕ್‌ನ ಇನ್ನೊಂದು ದ್ವೀಪ ದೇಶ ತುವಾಲು ನೋಡಿ. ಇರುವವರೇ ಸುಮಾರು 11,000 ಜನ. 2023ರಲ್ಲಿ ಆಸ್ಟ್ರೇಲಿಯಾ ಜೊತೆ ಫಲೆಪಿಲಿ ಒಪ್ಪಂದಕ್ಕೆ ಸಹಿ ಹಾಕಿದರು, ವರ್ಷಕ್ಕೆ 280 ಜನ ಅಲ್ಲಿಗೆ ಹೋಗಿ ನೆಲೆಸಬಹುದು ಅಂತ. ಯಾರು ಹೋಗಬೇಕು ಅಂತ ಆರಿಸುವ 2025ರ ಮೊದಲ ಲಾಟರಿಗೆ ಕುಟುಂಬದವರೂ ಸೇರಿ 8,750 ಹೆಸರು ಬಂದವು! ಸುದ್ದಿಯಲ್ಲಿ ಬಂದದ್ದು ಹೆಚ್ಚಾಗಿ ಇಷ್ಟೇ. ಆದರೆ ಅದೇ ಒಪ್ಪಂದದಲ್ಲಿ ಇನ್ನೊಂದು ಷರತ್ತಿದೆ: ತುವಾಲು ಬೇರೆ ಯಾವ ದೇಶದ ಜೊತೆ ರಕ್ಷಣೆ, ಭದ್ರತೆ ವಿಷಯದಲ್ಲಿ ಕೈ ಜೋಡಿಸಬೇಕಾದರೂ ಆಸ್ಟ್ರೇಲಿಯಾದ ಒಪ್ಪಿಗೆ ಬೇಕು. ಪೆಸಿಫಿಕ್‌ನಲ್ಲಿ ಚೀನಾ ಕಾಲೂರುವುದನ್ನು ತಡೆಯೋದು ಆಸ್ಟ್ರೇಲಿಯಾಗೆ ಎಷ್ಟು ಮುಖ್ಯ ಅಂತ ಗೊತ್ತಲ್ಲ. ಅವರು ಸುಮ್ನೆ ಕರುಣೆಯಿಂದ ಬಾಗಿಲು ತೆಗೆದಿಲ್ಲ. ಹಾಗಂತ ತುವಾಲು ಮೋಸಹೋಯಿತು ಅಂತಲೂ ಅಲ್ಲ. ದ್ವೀಪ ಮುಳುಗಿದರೂ ತಮ್ಮ ದೇಶ ದೇಶವಾಗೇ ಉಳಿಯುತ್ತೆ ಅನ್ನೋ ಮಾತನ್ನು ಬರವಣಿಗೆಯಲ್ಲಿ ಪಡೆದುಕೊಂಡರು.

ಇದೇ ‘ಭದ್ರತೆ’ ಮಾತು ವಿಶ್ವಸಂಸ್ಥೆಯಲ್ಲೂ ಬಂತು. 2021ರ ಡಿಸೆಂಬರಿನಲ್ಲಿ ಹವಾಮಾನವನ್ನು ಅಲ್ಲಿನ ಭದ್ರತಾ ಮಂಡಳಿಯ ಕೆಲಸದೊಳಗೆ ತರುವ ಐರ್ಲೆಂಡ್–ನೈಜರ್ ನಿರ್ಣಯಕ್ಕೆ ರಷ್ಯಾ ವೀಟೊ ಹಾಕಿತು, ಭಾರತ ವಿರುದ್ಧ ಮತ ಹಾಕಿತು. ಎಲ್ಲ ದೇಶಗಳೂ ಕೂರುವ ಹವಾಮಾನ ಮಾತುಕತೆಯಲ್ಲೇ ಇದು ಇರಲಿ ಅನ್ನೋದು ಭಾರತದ ವಾದ. ವೀಟೊ ಇರುವ ಐವರ ಕೈಗೆ ಇನ್ನೊಂದು ಅಸ್ತ್ರ ಕೊಡೋದು ನನಗೂ ಸರಿ ಅನ್ನಿಸುವುದಿಲ್ಲ. ನೀವು ಒಪ್ಪದೇ ಇರಬಹುದು.

‘ಬರದಿಂದ ಯುದ್ಧ’ ಅನ್ನೋ ಕಥೆಗೂ ಬ್ರೇಕ್ ಹಾಕಿ. ಸಿರಿಯಾದಲ್ಲಿ 2011ರಲ್ಲಿ ಅಂತರ್ಯುದ್ಧ ಶುರುವಾಗುವ ಮುಂಚೆ ಭಾರಿ ಬರ ಬಂದಿದ್ದು ನಿಜ. ಆದರೆ 2008ರಲ್ಲಿ ಸರ್ಕಾರ ಡೀಸೆಲ್ ಸಬ್ಸಿಡಿ ಕಡಿತ ಮಾಡಿತು, ಪಂಪ್ ಓಡಿಸಿ ಬೆಳೆ ತೆಗೆಯುತ್ತಿದ್ದವರಿಗೆ ಅದೂ ಏಟೇ. ಬರೀ ಆಕಾಶದ ಮೇಲೆ ತಪ್ಪು ಹೊರಿಸಿದರೆ ಆಳಿದವರು ಬಚಾವ್, ಅಲ್ವಾ?

ಅಂಕಿ ನೀವೇ ನೋಡಬೇಕಂದ್ರೆ ಐಡಿಎಂಸಿ ವೆಬ್‌ಸೈಟಿನಲ್ಲಿ ದೇಶವಾರು ಪುಟಗಳಿವೆ, ದುಡ್ಡು ಕೊಡಬೇಕಿಲ್ಲ. ಸಂಘರ್ಷಕ್ಕೆ ಬೇರೆ, ವಿಪತ್ತಿಗೆ ಬೇರೆ ಲೆಕ್ಕ ಇರುತ್ತೆ. ಸುದ್ದಿಯವರು ಎರಡನ್ನೂ ಕೂಡಿಸಿ ‘ಹವಾಮಾನ’ ಅಂತ ಬರೆದಿದ್ದಾರಾ, ಮೊದಲು ಅದನ್ನು ಚೆಕ್ ಮಾಡಿ.