ಹಾಜರಿ ಪುಸ್ತಕ ಮುಚ್ಚಲು ಹದಿನಾಲ್ಕು ತಿಂಗಳು ಹಿಡಿಯಿತು

ಬೆಂಗಳೂರಿನ ಅಂಚಿನ ನಮ್ಮ ಗಾರ್ಮೆಂಟ್ಸ್ ಘಟಕದಲ್ಲಿ ಈಗ ಹಾಜರಿ ಪುಸ್ತಕವಿಲ್ಲ, ಯಂತ್ರವೇ ಹಾಜರಿ ಹಾಕುತ್ತದೆ. ಆರುನೂರರ ಆಸುಪಾಸು ಕಾರ್ಮಿಕರು, ಬಹುಪಾಲು ಹೆಣ್ಣುಮಕ್ಕಳು. ಸಂಬಳ ಕಡಿಮೆ ಬಂತೆಂದು ನನ್ನ ಬಾಗಿಲಿಗೆ ಬರುವವರು ತಿಂಗಳಿಗೆ ಐದಾರು ಮಂದಿ. ಮೊದಲು ನೂರು ದಾಟುತ್ತಿತ್ತು. "ಇವರಿಗೆಲ್ಲ ಇದು ಒಗ್ಗುವುದಿಲ್ಲ" ಎಂದಿದ್ದ ಪ್ರೊಡಕ್ಷನ್ ಮ್ಯಾನೇಜರ್ ಈಗ ಇನ್ನೊಂದು ಘಟಕಕ್ಕೂ ಮಾಡಿಕೊಡಿ ಎನ್ನುತ್ತಿದ್ದಾರೆ.

ಮೊದಲ ಪೆಟ್ಟು ಬೆರಳಚ್ಚು ಯಂತ್ರದ್ದು. ನಾಲ್ಕಕ್ಕೆ ಎಪ್ಪತ್ತು ಸಾವಿರದಷ್ಟು ಸುರಿದೆವು. ವಾಷಿಂಗ್ ವಿಭಾಗದವರ ಬೆರಳ ಗೆರೆಗಳೇ ಸವೆದಿದ್ದವು. ಒತ್ತಿ ಒತ್ತಿ ಗೇಟಿನಲ್ಲಿ ಸಾಲು ಬೆಳೆಯುತ್ತಿತ್ತು, ಹತ್ತು ನಿಮಿಷ ತಡವಾದರೆ ಸಾಫ್ಟ್‌ವೇರ್ ತಾನೇ ಅರ್ಧ ದಿನ ಕಡಿತ ಬರೆದುಕೊಳ್ಳುತ್ತಿತ್ತು. ಹೊತ್ತಿಗೆ ಸರಿಯಾಗಿ ಬಂದು ದುಡಿದವರ ಕೂಲಿಯನ್ನು ಯಂತ್ರ ತಿಂದಿತು. ಎರಡು ಲೈನಿನವರು ಹೊಲಿಗೆ ನಿಲ್ಲಿಸಿ ಕುಳಿತರು. ನ್ಯಾಯ ಅವರ ಕಡೆಗಿತ್ತು. ಸುಮಾರು ಒಂದೂಕಾಲು ಲಕ್ಷ ಹಿಂದಿರುಗಿಸಿದೆವು.

ಆಮೇಲೆ ಮುಖ ಗುರುತಿಸುವ ಯಂತ್ರ ತಂದೆ. ಮೂರು ತಿಂಗಳು ಪುಸ್ತಕವನ್ನೂ ಜೊತೆಗೇ ನಡೆಸಿದೆ. ವ್ಯತ್ಯಾಸ ಬಂದರೆ ಪುಸ್ತಕವೇ ಸರಿ ಎಂದು ನೋಟಿಸ್ ಹಾಕಿದೆ. ಮಾಲೀಕರು ಮುಖ ಗಂಟಿಕ್ಕಿದರು, ನಾನು ಬಿಡಲಿಲ್ಲ. ಕಾರ್ಮಿಕರ ನಂಬಿಕೆ ಗಳಿಸಿದ್ದು ನೋಟಿಸಿನ ಆ ಒಂದು ಮಾತಿನಿಂದ. ಗೇಟಿನ ಸಾಲನ್ನು ಏಳು ನಿಮಿಷಕ್ಕೆ ಇಳಿಸಿದ ಬಗೆಯನ್ನು ಮಾತ್ರ ಇಲ್ಲಿ ಬರೆಯುವುದಿಲ್ಲ. ಅದಕ್ಕಾಗಿ ನಾಲ್ಕು ಭಾನುವಾರ ಕಳೆದುಕೊಂಡಿದ್ದೇನೆ.

ಪಿಎಫ್ ಕಥೆ ಬೇರೆ. ಆಧಾರ್ ಜೋಡಿಸದ ಯುಎಎನ್‌ಗೆ (ಕಾರ್ಮಿಕರ ಪಿಎಫ್ ಸಂಖ್ಯೆ) ಇಸಿಆರ್ (ತಿಂಗಳ ಪಿಎಫ್ ಲೆಕ್ಕಪಟ್ಟಿ) ಹಾಕಲಾಗದು ಎಂಬ ನಿಯಮ 2021ರಲ್ಲಿ ಬಂದಾಗಿನಿಂದ ಉಳಿದ ಕಗ್ಗಂಟದು. ನೂರನಲವತ್ತು ಹೆಸರುಗಳು ತಾಳೆಯಾಗಲಿಲ್ಲ. ಆಧಾರ್‌ನಲ್ಲಿ ಲಕ್ಷ್ಮಮ್ಮ, ಪಿಎಫ್‌ನಲ್ಲಿ ಲಕ್ಷ್ಮೀದೇವಿ. ಒಂದರಲ್ಲಿ ತಂದೆಯ ಇನಿಷಿಯಲ್, ಇನ್ನೊಂದರಲ್ಲಿ ಗಂಡನದು. ತಾಯಿ ನನ್ನೆದುರು ಕುಳಿತಿದ್ದರೆ ಒಟಿಪಿ ಕನಕಪುರದಲ್ಲಿರುವ ಮಗನ ಮೊಬೈಲಿಗೆ ಹೋಗುತ್ತಿತ್ತು. ಪಿಯುಸಿ ಓದಿದ್ದ ಇಬ್ಬರು ಟೈಲರ್‌ಗಳನ್ನು ಶನಿವಾರ ಮಧ್ಯಾಹ್ನ ಈ ಕೆಲಸಕ್ಕೆ ಕೂರಿಸಿ ಓವರ್‌ಟೈಮ್ (ಓಟಿ) ಕೊಟ್ಟೆ. ಏಜೆನ್ಸಿ ತಲೆಗೆ ಇನ್ನೂರು ಕೇಳಿತ್ತು. ನಮಗೆ ಎಲ್ಲ ಸೇರಿ ಒಂಬತ್ತು ಸಾವಿರದಲ್ಲಿ ಮುಗಿಯಿತು.

ನಡುವೆ ಒಂದು ಪ್ರಯೋಗ ಮಾಡಿದೆ. ಓದಲು ಬಾರದವರಿಗೆ ಸಂಬಳದ ವಿವರವನ್ನು ವಾಟ್ಸ್‌ಆಪ್ ಧ್ವನಿಯಲ್ಲಿ ಕಳುಹಿಸಿದೆ. ಫೋನು ಗಂಡನ ಕೈಯಲ್ಲಿತ್ತು. ಮಕ್ಕಳ ಶುಲ್ಕಕ್ಕೆಂದು ಓಟಿ ಹಣವನ್ನು ಬೇರೆ ಎತ್ತಿಡುತ್ತಿದ್ದ ಇಬ್ಬರು ಅಕ್ಕಂದಿರು ಮರುದಿನ ಅಳುತ್ತಾ ಬಂದರು. ಅಂದೇ ನಿಲ್ಲಿಸಿದೆ. ಈಗ ಕನ್ನಡದ ಸಂಬಳದ ಚೀಟಿಯನ್ನು ಮುದ್ರಿಸಿ ಅವರವರ ಕೈಗೇ ಕೊಡುತ್ತೇವೆ. ಓಟಿ ಗಂಟೆ ಮೇಲೆ ದಪ್ಪಕ್ಷರದಲ್ಲಿ, ಪಿಎಫ್ 12%, ಇಎಸ್‌ಐ 0.75% ಕಡಿತ ಕೆಳಗೆ.

ಗೌರಿ ಹಬ್ಬದ ರಜೆ ಅರ್ಜಿಗಳನ್ನು ಟ್ಯಾಬ್ಲೆಟ್‌ನಲ್ಲಿ ತೆಗೆದುಕೊಳ್ಳಲು ಸಿದ್ಧಮಾಡುತ್ತಿದ್ದೇನೆ. ರಜೆ ಪುಸ್ತಕವನ್ನು ಇನ್ನೂ ಪಕ್ಕದಲ್ಲೇ ಇಟ್ಟಿದ್ದೇನೆ.